ವಿಶ್ವವಿದ್ಯಾಲಯದ ಮನೆ ನೋಡಿದ್ದು

ವಿದ್ಯೆಯ ಶಾಖೆಗಳು ಅನಂತ. ಅವುಗಳಲ್ಲಿ ತನಗೆ ಸಲ್ಲುವ ಒಂದನ್ನು ನಿಧಾನವಾಗಿ ವಿವೇಚಿಸಿ ಆರಿಸಿಕೊಳ್ಳುವುದು ಮನುಷ್ಯನ ಬಾಳಿನ ಅತ್ಯಂತ ಗಂಭೀರವಾದ ತೀರ್ಮಾನ. ನಮ್ಮ ಮನೆತನದಲ್ಲಿ ಆ ತೀರ್ಮಾನವನ್ನು ಒಂದು ಮಣ್ಣಿನ ಮಡಕೆ ತೆಗೆದುಕೊಂಡಿತು.

ಇದೆಲ್ಲ ಈಗ ನೆನಪಾಗಲು ಕಾರಣ ಗೆದ್ದಲು. ಗುಂಡ್ಲುಪೇಟೆಯ ನಮ್ಮ ಮನೆಯ ಹಳೆಯ ಟ್ರಂಕಿಗೆ ಗೆದ್ದಲು ಹಿಡಿದಿದೆಯೆಂದು ಹೋದ ವಾರ ಅದನ್ನು ಅಂಗಳಕ್ಕೆ ಎಳೆದು ಮುಚ್ಚಳ ತೆಗೆದೆ. ಗೆದ್ದಲಿಗಿಂತ ಮೊದಲು ಅರಿಸಿನದ ವಾಸನೆ ಮೇಲೆದ್ದಿತು. ನಿವೃತ್ತನಾದ ಗುಮಾಸ್ತನ ಟ್ರಂಕಿನಲ್ಲಿ ಶಾಯಿ, ಅಂಟು, ಹಳೆಯ ರಬ್ಬರಿನ ಮೊಹರು ಇವುಗಳ ವಾಸನೆ ಇರುವುದು ಶಾಸ್ತ್ರಸಮ್ಮತ. ಅರಿಸಿನಕ್ಕೇನು ಕೆಲಸ ಎಂದು ಕೆದಕಿದರೆ ತಳದಲ್ಲಿ ಒಂದು ತಾಂತ್ರಿಕ ವಿಶ್ವವಿದ್ಯಾಲಯದ ಪರಿಚಯ ಪುಸ್ತಕ ಸಿಕ್ಕಿತು. ನಾಲ್ಕು ಮೂಲೆಗೂ ಅರಿಸಿನ, ನಡುವೆ ಕುಂಕುಮ. ಮದುವೆಯ ಲಗ್ನಪತ್ರಿಕೆಗೆ ಸಲ್ಲುವ ಮರ್ಯಾದೆಯನ್ನು ನಮ್ಮಕ್ಕ ಆ ಪುಸ್ತಕಕ್ಕೆ ಸಲ್ಲಿಸಿದ್ದಳು. ನೀವು ನಗಬಹುದು. ಆದರೆ ಅಕ್ಕ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಅದು ತೊಂಬತ್ತರ ದಶಕದ ನಡುಭಾಗ. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಆಗಬೇಕೆಂಬ ಮಾತು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಓಡಾಡುತ್ತಿತ್ತು. ನಾನು ಗುಂಡ್ಲುಪೇಟೆಯ ಒಂದು ಜೂನಿಯರ್ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಅಂಕಪಟ್ಟಿಗಳನ್ನು ಬರೆದು ಕೊಡುವವನಿಗೆ ಆ ಅಂಕಗಳಿಂದ ಮುಂದೆ ಏನು ಮಾಡಬೇಕೆಂಬುದೂ ಗೊತ್ತಿರುತ್ತದೆ ಎಂದು ಜನ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸುವಷ್ಟು ಪ್ರಾಮಾಣಿಕತೆ ನನ್ನಲ್ಲಿ ಇರಲಿಲ್ಲ.

ನಮ್ಮಕ್ಕನನ್ನು ಕೊಟ್ಟಿದ್ದು ಹರದನಹಳ್ಳಿಗೆ. ಬಾವ ನಂಜಪ್ಪನವರು ಅರಿಸಿನ ಬೆಳೆಯುತ್ತಿದ್ದರು. ಮಾತು ಕಡಿಮೆ, ಆಡಿದ ಮೇಲೆ ತಿರುಗಿಸುವುದಿಲ್ಲ. ಒಬ್ಬಳೇ ಮಗಳು ಮಂಗಳಾ. ಹರದನಹಳ್ಳಿಯಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬಂದು ಪಿಯುಸಿ ಮುಗಿಸಿದವಳು, ಅಪ್ಪ ಅವ್ವನಿಗೆ ಹೇಳದೆ ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಸೀಟು ತೆಗೆದುಕೊಂಡುಬಿಟ್ಟಿದ್ದಳು. ಅರ್ಜಿಗೆ ಅಪ್ಪನ ರುಜು ಹೇಗೆ ಬಿತ್ತೆಂದು ನಾನು ಕೇಳಲಿಲ್ಲ, ಏಕೆಂದರೆ ಅದರ ಕೆಳಗೆ ನನ್ನ ಆಫೀಸಿನ ಮೊಹರು ಇತ್ತು.

ಈಗ ಪುಸ್ತಕದ ಜೊತೆ ಒಂದು ಫಾರಂ ಬಂದಿತ್ತು. ಯಾವ ವಿಭಾಗ ಬೇಕೆಂದು ಬರೆದು, ಹತ್ತು ದಿನದೊಳಗೆ ತಂದೆಯ ಒಪ್ಪಿಗೆಯೊಂದಿಗೆ ಕಳಿಸಬೇಕು. ಕಳಿಸದಿದ್ದರೆ ಸೀಟು ಹೋಗುತ್ತದೆ. ಬಾವನ ಮನಸ್ಸಿನಲ್ಲಿ ಇದ್ದದ್ದು ಚಾಮರಾಜನಗರದಲ್ಲೇ ಟೀಚರ್ ಟ್ರೈನಿಂಗು. "ಬೆಳಿಗ್ಗೆ ಓಗದು, ಸಾಯಂಕಾಲ ಬರದು. ಅದ್ಬುಟ್ಟು ಅಷ್ಟು ದೂರ ಯಾಕೆ?" ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ನನ್ನನ್ನು ಭಾನುವಾರ ಕರೆಸಲಾಯಿತು.

ಜಗಲಿಯ ಮೇಲೆ ಬಾವ, ಅವರ ಪಕ್ಕ ಕುದೇರಿನ ಮಾದಪ್ಪಣ್ಣ. ಈ ಮಾದಪ್ಪಣ್ಣ ಬಾವನ ಸೋದರತ್ತೆಯ ಮಗ. ಸುತ್ತಮುತ್ತಲ ಹತ್ತು ಊರಿನಲ್ಲಿ ಯಾರು ಹೆಣ್ಣು ಕೊಡಬೇಕಾದರೂ ಇವನು ಹೋಗಿ ಗಂಡಿನ ಮನೆ ನೋಡಿ ಬರಬೇಕು. ಬಾಗಿಲ ಸಂದಿಯಲ್ಲಿ ಅಕ್ಕ, ಅಕ್ಕನ ಹಿಂದೆ ಮಂಗಳಾ. ನಾನು ಪುಸ್ತಕ ಬಿಚ್ಚಿ ಕನ್ನಡಕ ಹಾಕಿಕೊಂಡೆ.

"ಮೆಕ್ಯಾನಿಕಲ್ಲು ಅಂದ್ರೆ ಏನ್ಲಾ ಗುಮಾಸ್ತ?" ಬಾವ ಶುರು ಮಾಡಿದರು.

"ಯಂತ್ರ, ಬಾವ."

"ಇಂಡಸ್ಟ್ರಿಯಲ್ಲು?"

"ಅದೂ ಯಂತ್ರವೇ. ಆದರೆ ಯಂತ್ರ ಇಡೋ ಜಾಗ."

"ಇದೇನೋ ಉದ್ದಕ್ಕದಲ್ಲ, ಇನ್‌ಸ್ಟ್ರುಮೆಂಟು..."

"ಇನ್‌ಸ್ಟ್ರುಮೆಂಟೇಶನ್. ಯಂತ್ರದ ಪಕ್ಕದಲ್ಲಿ ಇಡುವಂಥದ್ದು."

ಮಾದಪ್ಪಣ್ಣ ಎಲೆ ಅಡಿಕೆ ಉಗಿದು ಬಂದ. "ಇವ್ನು ಯಂತ್ರನ ಅಟ್ಟಿಂದ ಈಚ್ಗೆ ತಂದು, ತಿರ್ಗ ಅಟ್ಟಿಗೇ ಮಡಗ್ತಾವ್ನೆ ಕಣ್ಲಾ ನಂಜಪ್ಪ. ಗೊತ್ತಿಲ್ಲ ಅನ್ನಕ್ಕೆ ಏನ್ ರೋಗ?"

ಮುಂದಿನ ಸಾಲಿನಲ್ಲಿ ಸಿರಾಮಿಕ್ಸ್ ಎಂದಿತ್ತು. ನಾನು ಪುಟ ತಿರುಗಿಸಿದೆ.

ಕ್ಯಾಂಪಸ್ಸಿನ ಸೌಲಭ್ಯಗಳ ಭಾಗಕ್ಕೆ ಬಂದಾಗ ಬಾವ ಕಾಲು ಮಡಚಿ ನೆಟ್ಟಗೆ ಕುಳಿತರು. ಈಜುಕೊಳ ಎಂದರೆ "ಬಾವಿ ಅನ್ನು" ಎಂದರು. ಜಿಮ್ನಾಷಿಯಂ ಎಂದರೆ ಗರಡಿಮನೆ ಎಂದು ನಾನೇ ಹೇಳಿದೆ. ಅದು ಸರಿಯಾಗಿತ್ತೆಂದು ಇವತ್ತಿಗೂ ನನಗೆ ಸಮಾಧಾನ. ಬಯಲು ರಂಗಮಂದಿರದ ಚಿತ್ರದಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು.

"ಈ ಮೆಟ್ಲು ಅತ್ತುದ್ರೆ ಮ್ಯಾಲೆ ಏನದೆ?"

"ಏನೂ ಇಲ್ಲ ಬಾವ. ಮೆಟ್ಟಿಲ ಮೇಲೇ ಕೂರೋದು."

"ಯಾಕೆ?"

ಯಾಕೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಕೊನೆಗೆ ಮಾದಪ್ಪಣ್ಣ ತೀರ್ಪು ಕೊಟ್ಟ. "ಪುಸ್ತಕ ನೋಡ್ಕಂಡು ಯಾರಾರ ಎಣ್ಣು ಕೊಟ್ಟಾರಾ? ಮನೆ ನೋಡ್ಬೇಕು. ಓಗನ ನಡಿ, ಮಂಗಳ್ವಾರ ಬುಟ್ಟು ಬುದ್ವಾರ."

ಇಲ್ಲಿ ನಮ್ಮ ಕಡೆಯ ಮನೆ ನೋಡುವ ಪದ್ಧತಿಯನ್ನು ಒಂದು ಮಾತಿನಲ್ಲಿ ಹೇಳಬೇಕು. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋಗಿ ಬಾವಿ, ಹಿತ್ತಿಲು, ಕೊಟ್ಟಿಗೆ, ಅಡಿಗೆಮನೆ ಎಲ್ಲವನ್ನೂ ನೋಡುತ್ತಾರೆ. ಒಪ್ಪಿಗೆಯಾಗುವವರೆಗೆ ಆ ಮನೆಯಲ್ಲಿ ಒಂದು ತೊಟ್ಟು ನೀರು ಮುಟ್ಟುವುದಿಲ್ಲ. ನೀರು ಕುಡಿದರೆ ಮಾತು ಕೊಟ್ಟಂತೆ. ಆಮೇಲೆ ಹಿತ್ತಿಲಲ್ಲಿ ಹುಲಿ ಕಟ್ಟಿದ್ದರೂ ಹೆಣ್ಣು ಕೊಡಬೇಕು. ಬಾವ ತಮ್ಮ ತಂಗಿಗಾಗಿ ಮೂರು ಊರುಗಳಿಂದ ಒಣಗಿದ ಗಂಟಲಿನಲ್ಲಿ ವಾಪಸು ಬಂದ ಮನುಷ್ಯ. ಆ ನಿಯಮ ವಿಶ್ವವಿದ್ಯಾಲಯಕ್ಕೆ ಅನ್ವಯಿಸುತ್ತದೆಯೇ ಎಂಬ ಸಂದೇಹ ನನ್ನೊಬ್ಬನಿಗೆ ಬಂತು. ನಾನದನ್ನು ನುಂಗಿಕೊಂಡೆ.

"ಮಾವ, ನಾನೂ ಬರ್ಲಾ?" ಎಂದಳು ಮಂಗಳಾ, ನಾನು ಹಿತ್ತಿಲಲ್ಲಿ ಕೈ ತೊಳೆಯುವಾಗ.

ಮಾದಪ್ಪಣ್ಣನ ಕಿವಿ ಅಲ್ಲೇ ಇತ್ತು. "ಮನೆ ನೋಡಕ್ಕೆ ಎಣ್ಣೇ ಓಗದುಂಟಾ ಕಣಮ್ಮಿ? ಅವ್ರೇನಂದ್ಕಂಡಾರು?"

ಅವಳು ನನ್ನ ಕೈಗೆ ಟವಲು ಕೊಟ್ಟು, "ಅಲ್ಲೂ ಅಪ್ಪ ನೀರು ಕುಡಿಯಲ್ವಾ ಮಾವ?" ಎಂದು ಕೇಳಿದಳು.

"ಒಪ್ಪಿಗೆಯಾಗದೆ ನಿಮ್ಮಪ್ಪ ಕುಡಿದಾರಾ?" ಎಂದೆ. ಅವಳು ಒಳಗೆ ಹೋದಳು.

ಬುಧವಾರ ಬೆಳಗ್ಗೆ ಅಕ್ಕ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಬುತ್ತಿ ಮತ್ತು ನೀರಿನ ಕ್ಯಾನು ಕೊಟ್ಟು ಕಳಿಸಿದಳು. ಚಾಮರಾಜನಗರದಿಂದ ಮೈಸೂರಿನ ಬಸ್ಸು ಹಿಡಿದೆವು. ಶುಭಕಾರ್ಯಕ್ಕೆ ಮೂವರು ಹೋಗಬಾರದೆಂದು ಮಾದಪ್ಪಣ್ಣ ಆ ಪುಸ್ತಕವನ್ನೇ ನಾಲ್ಕನೆಯವನೆಂದು ಲೆಕ್ಕಕ್ಕೆ ಹಿಡಿದು ಪಕ್ಕದ ಸೀಟಿನಲ್ಲಿ ಕೂರಿಸಿದ. ಸಂತೆಮರಹಳ್ಳಿಯಲ್ಲಿ ಜನ ತುಂಬಿದಾಗ ಕಂಡಕ್ಟರು, "ಯಾರ್ರೀ ಇಲ್ಲಿ?" ಎಂದು ಕೇಳಿದರು. "ಗಂಡಿನ ಕಡೆಯೋರು," ಎಂದ ಮಾದಪ್ಪಣ್ಣ. ಕಂಡಕ್ಟರು ಪುಸ್ತಕವನ್ನು ನೋಡಿ, ನನ್ನನ್ನು ನೋಡಿ, ಒಂದು ಕೋಳಿಬುಟ್ಟಿಯನ್ನು ಅದರ ಮೇಲಿಟ್ಟು ಮುಂದೆ ಹೋದರು.

ಮೈಸೂರಿನಿಂದ ಮತ್ತೊಂದು ಬಸ್ಸು, ಮೂರು ಗಂಟೆಯ ಪ್ರಯಾಣ. ವಿಶ್ವವಿದ್ಯಾಲಯದ ಗೇಟಿನ ಎದುರು ಒಂದು ಹೊಂಗೆ ಮರ. ಒಳಗೆ ಹೋದ ಮೇಲೆ ಬಾಯಿಗೆ ಏನೂ ಹಾಕುವಂತಿಲ್ಲವಾದ್ದರಿಂದ ಆ ಮರದಡಿ ಕುಳಿತು ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಜೊತೆಗೆ ನಿಂಬೆಕಾಯಿ ಉಪ್ಪಿನಕಾಯಿ. ಮೊದಲ ತುತ್ತಿಗೆ ನನ್ನ ಕಣ್ಣು ಮುಚ್ಚಿತು. ಸಮುದ್ರದ ದಡದಲ್ಲಿ ಬೇಯಿಸಿದಂತಿತ್ತು.

"ಉಪ್ಪಲ್ಲಿ ನಿಮ್ಮಕ್ಕನ ಕೈ ಇವತ್ತು ಜಾರ್ಬುಟ್ಟದೆ," ಎಂದರು ಬಾವ. ಆದರೂ ಎಲೆಯಲ್ಲಿ ಅನ್ನ ಬಿಡುವ ಜಾಯಮಾನ ಅವರದಲ್ಲ. ನನ್ನ ಪಾಲಿನ ಅರ್ಧವನ್ನೂ ತಿಂದರು. ಕ್ಯಾನಿನ ನೀರು ನೋಡನೋಡುತ್ತ ಮುಗಿಯಿತು. ಮೇ ತಿಂಗಳ ಕೊನೆ, ತಲೆಯ ಮೇಲೆ ಸೂರ್ಯ. ನಾವು ಒಳಗೆ ನಡೆದೆವು.

ಪುಸ್ತಕದ ನಡುಪುಟದಲ್ಲಿ ಕ್ಯಾಂಪಸ್ಸಿನ ನಕಾಶೆ ಇತ್ತು. ಅದನ್ನು ಹಿಡಿದು ಮುಂದೆ ನಡೆಯುವ ಜವಾಬ್ದಾರಿ ನನ್ನದು. ನಕಾಶೆಯಲ್ಲಿ ಆಡಳಿತ ಕಚೇರಿ ಒಂದೇ ಇತ್ತು. ನಾವು ನಡೆದ ದಾರಿಯಲ್ಲಿ ಅದು ಮೂರು ಸಲ ಬಂತು. ಮೂರನೆಯ ಸಲ ಕಾವಲುಗಾರ ಎದ್ದು ನಿಂತು, "ನಿಮ್ಗೆ ಯಾರು ಬೇಕು?" ಎಂದ.

"ಮನೆ ಯಜಮಾನ್ರು," ಎಂದರು ಬಾವ.

ಅವನು ಕುಲಪತಿಗಳ ಹೆಸರಿನ ಫಲಕ ತೋರಿಸಿ, "ಊರಲ್ಲಿಲ್ಲ," ಎಂದ. ಯಜಮಾನನಿಲ್ಲದ ಮನೆ ನೋಡುವುದು ಹೇಗೆಂದು ಮಾದಪ್ಪಣ್ಣ ಅಲ್ಲೇ ನಿಂತು ಚಿಂತಿಸಿದ.

ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ಮಾತ್ರ ಶುಭಸೂಚನೆ ಸಿಕ್ಕಿತು. ಗೇಟಿನಲ್ಲಿದ್ದ ವಾರ್ಡನ್ನಮ್ಮ, ಗಂಡಸರು ಇಲ್ಲಿಂದ ಒಳಗೆ ಒಂದು ಹೆಜ್ಜೆ ಇಡುವಂತಿಲ್ಲ ಎಂದು ಗದರಿದರು. ಬಾವ ಅವರಿಗೆ ಕೈ ಮುಗಿದು, "ಇದು ಸರಿ," ಎಂದರು. ಮಾದಪ್ಪಣ್ಣ ತನ್ನ ಕೊಡೆಯಿಂದ ಕಾಂಪೌಂಡಿನ ಎತ್ತರ ಅಳೆದ. ಲೈಬ್ರರಿಯ ಬಾಗಿಲಲ್ಲಿ ಬಾವ ಚಪ್ಪಲಿ ಬಿಟ್ಟು, ಒಳಗೆ ಕಪಾಟುಗಳ ಸಾಲು ನೋಡುತ್ತ ನಿಂತರು.

"ಇದ್ನೆಲ್ಲ ಓದಿ ಮುಗ್ಸಿರೋರು ಯಾರವ್ರೆ, ಬುದ್ಧಿ?"

"ಯಾರೂ ಇಲ್ಲ," ಎಂದರು ಲೈಬ್ರರಿಯವರು, ತಲೆ ಎತ್ತದೆ.

"ಮತ್ಯಾಕೆ ಇನ್ನೂ ತರುಸ್ತಾವ್ರೆ?" ಎಂದು ಬಾವ ನನ್ನನ್ನು ಕೇಳಿದರು. ನಾನು ನಕಾಶೆ ನೋಡಿದೆ.

ವಿಭಾಗಗಳ ವಿಷಯ ಬಂದಾಗ ದಿಕ್ಕು ತಪ್ಪಿದ್ದು ನಾನೊಬ್ಬನೇ ಅಲ್ಲ. ಸಿವಿಲ್ಲಿನಲ್ಲಿ ಹುಡುಗರು ಚೊಕ್ಕವಾದ ಕಾಂಕ್ರೀಟಿನ ಗಟ್ಟಿಗಳನ್ನು ಒಂದು ಯಂತ್ರಕ್ಕಿಟ್ಟು ಒಡೆಯುತ್ತಿದ್ದರು. "ಒಡೆಯಾದಾದ್ರೆ ಮಾಡದ್ಯಾಕೆ?" ಎಂದರು ಬಾವ. ಮೆಕ್ಯಾನಿಕಲ್ಲಿನಲ್ಲಿ ಎಣ್ಣೆ, ಸದ್ದು, ಅಷ್ಟು ದೊಡ್ಡ ಕಟ್ಟಡದಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಬಚ್ಚಲಿಲ್ಲ. ಮಾದಪ್ಪಣ್ಣ ಅದನ್ನು ಹಿಂದಿನಿಂದ ಸುತ್ತಿ ಖಾತ್ರಿ ಮಾಡಿಕೊಂಡು ಬಂದ. ಎಲೆಕ್ಟ್ರಾನಿಕ್ಸಿನಲ್ಲಿ ತಣ್ಣನೆಯ ಕೋಣೆ, ಮುಚ್ಚಿದ ಪೆಟ್ಟಿಗೆಗಳು.

"ಒಳ್ಗೇನದೆ, ಬುದ್ಧಿ?" ಎಂದು ಬಾವ ಅಲ್ಲಿದ್ದ ಲೆಕ್ಚರರನ್ನು ಕೇಳಿದರು.

ಆ ಯುವಕ ಬಹಳ ಹೊತ್ತು ಶ್ರದ್ಧೆಯಿಂದ ವಿವರಿಸಿದ. ನಮಗೆ ಅರ್ಥವಾದದ್ದು ಇಷ್ಟು: ಪೆಟ್ಟಿಗೆಯೊಳಗೆ ಇನ್ನೂ ಸಣ್ಣ ಪೆಟ್ಟಿಗೆಗಳಿವೆ. ಬಾವನ ತುಟಿ ಒಣಗಿದ್ದನ್ನು ಕಂಡು ಅವನೇ ಕೂಲರಿನಿಂದ ಒಂದು ಲೋಟ ನೀರು ಹಿಡಿದು ತಂದ. ಬಾವ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. "ಇನ್ನೂ ಮಾತಾಗಿಲ್ಲ. ತೆಪ್ಪು ತಿಳ್ಕಬ್ಯಾಡಿ." ಲೋಟ ಹಿಡಿದ ಆ ಯುವಕನ ಮುಖವನ್ನು ನಾನು ಮರೆತಿಲ್ಲ. ನಮ್ಮಂತೆಯೇ ಅವನಿಗೂ ಏನೊಂದೂ ತಿಳಿಯಲಿಲ್ಲ.

ಎಲೆಕ್ಟ್ರಾನಿಕ್ಸಿಗೆ ಬೇಡಿಕೆ ಹೆಚ್ಚೆಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅಲ್ಲೇ ನಾನು, "ಬಾವ, ನೀರು ಕುಡಿದುಬಿಡಿ," ಎನ್ನಬೇಕಾಗಿತ್ತು. ಅನ್ನಲಿಲ್ಲ. ಯಾಕೆ ಅದೇ ಎಂದು ಅವರು ಕೇಳಿದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಬಾವ ಒಂದು ಕಲ್ಲುಬೆಂಚಿನ ಮೇಲೆ ಕುಳಿತರು. ನಾಲಿಗೆಯಿಂದ ತುಟಿ ಸವರಿಕೊಂಡು ಹೇಳಿದರು: "ಸಂಬಂದ ಕೂಡ್ಬರಾಗಿಲ್ಲ ಬುಡು. ನಡೀರಿ. ಟೀಚರ್ ಟ್ರೈನಿಂಗ್ಗೇ ಆಕ್ಬುಡನ."

ಮಾದಪ್ಪಣ್ಣ ತಲೆದೂಗಿದ. ಬಾಗಿಲ ಸಂದಿಯಲ್ಲಿ ಅಕ್ಕನ ಹಿಂದೆ ನಿಂತಿದ್ದ ಹುಡುಗಿ ನನ್ನ ಕಣ್ಣ ಮುಂದೆ ಬಂದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆ ಬಾಯಿಂದ ಹೊರಟದ್ದು, "ಗೇಟು ಈ ಕಡೆ," ಎಂಬ ಮಾತು. ಅದೂ ತಪ್ಪಾಗಿತ್ತು. ನಕಾಶೆಯನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ.

ಹೀಗಾಗಿ ಗೇಟಿಗೆ ಹೋಗಬೇಕಾದ ನಾವು ಕ್ಯಾಂಪಸ್ಸಿನ ಕಟ್ಟಕಡೆಯ ಮೂಲೆ ತಲುಪಿದೆವು. ಅಲ್ಲೊಂದು ಹಳೆಯ ಹೆಂಚಿನ ಕಟ್ಟಡ, ಪಕ್ಕದಲ್ಲಿ ಹೊಗೆಗೂಡು, ಅಂಗಳದಲ್ಲಿ ಮಣ್ಣಿನ ಗುಡ್ಡೆ. ಬಾಗಿಲ ಮೇಲಿನ ಫಲಕವನ್ನು ನಾನು ಓದಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಜಗಲಿಯಲ್ಲಿ ಒದ್ದೆ ಮರಳಿನ ಮೇಲೆ ಒಂದು ಮಡಕೆ, ಮುಚ್ಚಳದ ಮೇಲೆ ಬೋರಲಾದ ಲೋಟ.

ಬಾವನಿಗೆ ಕೂಲರು ಅಪರಿಚಿತ, ಮಡಕೆ ಅಪರಿಚಿತವಲ್ಲ. ಸಂತೆಮರಹಳ್ಳಿಯ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಮಾಡುವಂತೆಯೇ ಬಗ್ಗಿ, ಬೆರಳಗೆಣ್ಣಿನಿಂದ ಅದರ ಹೊಟ್ಟೆಗೆ ಮೂರು ಕಡೆ ತಟ್ಟಿ, ತಲೆ ಓರೆ ಮಾಡಿ ಕೇಳಿದರು. "ಚೆಂದಾಗ್ ಬೆಂದದೆ," ಎಂದರು. ಹಾಗೆನ್ನುತ್ತಲೇ ಮುಚ್ಚಳ ತೆಗೆದು, ಲೋಟ ಅದ್ದಿ, ಎತ್ತಿ ಗಟಗಟನೆ ಕುಡಿದರು. ಇನ್ನೊಂದು ಲೋಟ ಅದ್ದಿದರು. ಅದನ್ನೂ ಕುಡಿದರು.

ಮಾದಪ್ಪಣ್ಣ ಕೊಡೆಯನ್ನು ನೆಲಕ್ಕೂರಿ ಮೆಲ್ಲಗೆ ಹೇಳಿದ. "ನಂಜಪ್ಪ, ನೀರ್ ಕುಡ್ದ್ಬುಟ್ಟೆ."

ಬಾವ ಕೈಯಲ್ಲಿದ್ದ ಲೋಟವನ್ನು ನೋಡಿದರು. "ಕುಡ್ದ್ಬುಟ್ಟೆ," ಎಂದರು.

ಅಷ್ಟರಲ್ಲಿ ಒಳಗಿನಿಂದ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡ ಒಬ್ಬ ತೆಳ್ಳನೆಯ ವಯಸ್ಸಾದ ಪ್ರೊಫೆಸರು ಹೊರಗೆ ಬಂದರು. ತಟ್ಟಿದ ಸದ್ದು ಅವರಿಗೆ ಕೇಳಿತ್ತು.

"ತಟ್ಟಿ ಏನು ನೋಡಿದ್ರಿ?"

"ಬೆಂದದೆಯೋ ಇಲ್ವೋ ಅಂತ. ಅಸಿ ಇದ್ರೆ ಗೊದಗೊದ ಅಂತದೆ. ಬಿರುಕಿದ್ರೆ ದನಿ ಒಡೀತದೆ. ಇದು ಟಣ್ ಅಂತು."

"ಅದನ್ನ ನನ್ನ ಹುಡುಗರಿಗೆ ಕಲಿಸೋಕೆ ನನಗೆ ಒಂದು ವರ್ಷ ಬೇಕು," ಎಂದರು ಪ್ರೊಫೆಸರು. "ತಾವು ಯಾವೂರು?"

ಬಾವ ಊರು ಹೇಳಿ, ಲೋಟವನ್ನು ತೊಳೆದು ಬೋರಲಿಟ್ಟು, ಮದುವೆಯ ಮಾತು ಕೊಡುವವರಂತೆ ವಲ್ಲಿಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡರು. "ನಿಮ್ಮನೆ ನೀರ್ ಕುಡಿದಿವ್ನಿ ಬುದ್ಧಿ. ನಮ್ ಮಗ್ಳು ಇಲ್ಗೇ ಬತ್ತಾಳೆ."

ತಾವಾಗಿ ಈ ವಿಭಾಗ ಬೇಕೆಂದು ಬಂದವರನ್ನು ಆ ಪ್ರೊಫೆಸರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲವಂತೆ. ಬೇರೆಲ್ಲೂ ಸಿಗದವರು ಕೊನೆಗೆ ಅಲ್ಲಿಗೆ ಬರುತ್ತಿದ್ದರು. ಅವರು ಜಗಲಿಯ ಮೇಲೆ ಕುಳಿತು ನಮಗೆ ಚಹಾ ತರಿಸಿದರು. ಚಹಾ ಕುಡಿಯುತ್ತ ನಾನು ಪುಸ್ತಕ ತೆಗೆದು, ನಕಾಶೆಯನ್ನು ಸರಿಯಾಗಿ ತಿರುಗಿಸಿ ಹಿಡಿದು, ನಾವೆಲ್ಲಿದ್ದೇವೆಂದು ಹುಡುಕಿದೆ. ಪುಸ್ತಕದ ಮೂಲೆ ಹಿಡಿದ ಬಾವನ ಹೆಬ್ಬೆರಳಿಗೆ ಅರಿಸಿನ ಅಂಟಿತ್ತು; ಆ ಮೂಲೆಯ ಕಟ್ಟಡದ ಮೇಲೆ ಅದನ್ನು ಒತ್ತಿ, "ಇದೇ ತಾನೆ?" ಎಂದರು. ಅದೇ. ಸಿರಾಮಿಕ್ಸ್ ವಿಭಾಗ. ಮಣ್ಣು, ಪಿಂಗಾಣಿ ಬೇಯಿಸುವ ವಿದ್ಯೆ. ಅರ್ಥ ತಿಳಿಯದೆ ನಾನು ಪುಟ ತಿರುಗಿಸಿದ್ದ ವಿಭಾಗ.

ಮಾರನೆಯ ದಿನ ಹರದನಹಳ್ಳಿಯಲ್ಲಿ ಮಂಗಳಾಗೆ ಎಲ್ಲವನ್ನೂ ಹೇಳಬೇಕಾದವನು ನಾನೇ ಆದೆ. ಬೇಡಿಕೆ ಇರುವ ಯಾವುದೋ ವಿಭಾಗಕ್ಕೆ ಸೇರಬೇಕಾದ ಹುಡುಗಿ, ಅಪ್ಪನ ಬಾಯಾರಿಕೆಯಿಂದಾಗಿ ಮಡಕೆಯ ವಿಭಾಗಕ್ಕೆ ಬಿದ್ದಳು. ತಪ್ಪು ನನ್ನದೂ ಹೌದೆಂದು ತೊದಲಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಪ್ಪ ಎಷ್ಟು ಲೋಟ ಕುಡಿದ್ರು ಮಾವ?"

"ಎರಡು."

"ಹಂಗಾದ್ರೆ ಸರಿ," ಎಂದು ಫಾರಂ ತುಂಬಲು ಕುಳಿತಳು. ಪಾಪ, ಹುಡುಗಿಗೂ ತಲೆ ಕೆಟ್ಟಿದೆ ಎಂದುಕೊಂಡೆ.

ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಅಕ್ಕನ ಮನೆಗೆ ಹೋದಾಗಲೆಲ್ಲ ಊಟಕ್ಕೆ ಕೂತೊಡನೆ, "ಉಪ್ಪು ನೋಡಿ ಹಾಕಿದೀಯಾ ತಾನೆ?" ಎಂದು ಆ ಚಿತ್ರಾನ್ನದ ಕಥೆ ತೆಗೆದು ಅವಳನ್ನು ರೇಗಿಸುವುದು ನನ್ನ ವಾಡಿಕೆ. "ನಾನು ಸರ್ಯಾಗೇ ಆಕಿದ್ದೆ ಕಣೋ," ಎಂದು ಅವಳು ಪ್ರತಿ ಸಲವೂ ಹೇಳುವಳು. ನಾನು ಪ್ರತಿ ಸಲವೂ ನಗುವೆ.

ಗೆದ್ದಲಿನ ವಾರದ ಭಾನುವಾರ ಮಂಗಳಾ ನಮ್ಮ ಮನೆಗೆ ಬಂದಿದ್ದಳು. ಅವಳಿಗೂ ಈಗ ಕಿವಿಯ ಹತ್ತಿರ ನರೆ. ಪುಸ್ತಕವನ್ನು ಕೈಯಲ್ಲಿಟ್ಟೆ. ನಡುಪುಟ ಬಿಚ್ಚಿ, ಅರಿಸಿನದ ಬೆರಳಗುರುತಿನ ಮೇಲೆ ತನ್ನ ಬೆರಳಿಟ್ಟಳು. ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡು, ಆವತ್ತು ನಕಾಶೆ ತಲೆಕೆಳಗಾಗಿ ಹಿಡಿದದ್ದನ್ನು ಮೊದಲ ಬಾರಿಗೆ ಒಪ್ಪಿಕೊಂಡೆ.

ಅವಳು ನಕ್ಕಳು. "ಮಾವ, ಅವ್ವ ಉಪ್ಪು ಸರಿಯಾಗೇ ಹಾಕಿದ್ಲು. ಅವಳು ಅತ್ತ ಹೋದ ಮೇಲೆ ನಾನು ಒಂದು ಹಿಡಿ ಹಾಕ್ದೆ. ಕ್ಯಾನಿಗೆ ಅರ್ಧನೇ ನೀರು ತುಂಬ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಲ್ಲ ಕಣಮ್ಮಿ, ಅವರು ಯಾವ ವಿಭಾಗದಲ್ಲಿ ಕುಡೀತಾರೆ ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತಿರ್ಲಿಲ್ಲ. ನೀವು ಪುಸ್ತಕ ಓದಿದ್ದು ಕೇಳಿ ನಂಗೆ ಯಾವ ವಿಭಾಗಾನೂ ಅರ್ಥ ಆಗಿರ್ಲಿಲ್ಲ. ಎಲ್ಲಾದ್ರೂ ಕುಡೀಲಿ, ಗೇಟಿನ ಒಳಗೆ ಕುಡಿದ್ರೆ ಸಾಕು ಅಂತ."

"ಗೇಟಿನಾಚೆ ಎಲ್ಲಾದರೂ ಕುಡಿದುಬಿಟ್ಟಿದ್ರೆ?"

"ಆವತ್ತೆಲ್ಲ ಅದೇ ಯೋಚ್ನೆ," ಎಂದಳು. "ಮನೇಲಿ ಕೂತ್ಕಂಡು ನಾನೂ ನೀರು ಕುಡೀಲಿಲ್ಲ."

ಮೂವರು ಹಿರಿಯರು, ನಾಲ್ಕನೆಯವನಾಗಿ ಒಂದು ಪುಸ್ತಕ, ಒಂದು ನಕಾಶೆ, ಒಂದು ಕೊಡೆ. ಇಷ್ಟೆಲ್ಲ ಸೇರಿ ಮಾಡಿದ ತನಿಖೆಯನ್ನು ನಡೆಸಿದ್ದು ಯಾರು ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಸಂಜೆ ಹರದನಹಳ್ಳಿಗೆ ಫೋನು ಮಾಡಿ ಅಕ್ಕನಿಗೆ, ಉಪ್ಪಿನ ವಿಷಯದಲ್ಲಿ ಇನ್ನು ಮೇಲೆ ರೇಗಿಸುವುದಿಲ್ಲ ಎಂದು ಮಾತ್ರ ಹೇಳಿದೆ. ಯಾಕೆ ಎಂದು ಕೇಳಿದಳು, ಹೇಳಲಿಲ್ಲ. ಬಾವ ಪಕ್ಕದಲ್ಲೇ ಇದ್ದರು. ಆ ಸಂಬಂಧವನ್ನು ಕುದುರಿಸಿದ್ದು ತಾವೆಂದು ಅವರು ಇವತ್ತಿಗೂ ನಂಬಿದ್ದಾರೆ. ಹೊಲಕ್ಕೆ ಹೋಗುವ ದಾರಿಯಲ್ಲಿ ಯಾರೇ ಜೊತೆಗಿರಲಿ, ಕರೆಂಟು ಕಂಬದ ತುದಿಯ ಬಿಳಿ ಪಿಂಗಾಣಿ ಬಟ್ಟಲುಗಳನ್ನು ಕೋಲಿನಿಂದ ತೋರಿಸಿ, "ಅವು ಚೆಂದಾಗ್ ಬೆಂದಿರ್ತವೆ," ಎನ್ನುತ್ತಾರೆ.

ಮಂಗಳಾ ಸಿರಾಮಿಕ್ಸ್ ವಿಭಾಗದಲ್ಲಿ ನಾಲ್ಕು ವರ್ಷ ಓದಿ ಪಾಸಾದಳು. ಈಗ ಆ ಬಟ್ಟಲುಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ.